ಐದು ಹನಿ, ಒಂದು ಇಂಚು: ಎಐ ಮತ್ತು ನಮ್ಮ ತೋಡಿನ ನೀರು

(ಕೊಡಗಿನ ಗೋಣಿಕೊಪ್ಪದಲ್ಲಿ ಕಾಫಿ ಬೆಳೆಗಾರರು, ತೋಟದ ಲೆಕ್ಕ-ಕೆಲಸ ನೋಡುವ ರೈಟರ್‌ಗಳು ಮತ್ತು ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ಮಳೆಯನ್ನು ಮಿಲಿಮೀಟರಿನಲ್ಲಿ ಹೇಳಿದರೆ ಇಲ್ಲಿ ಕೂತವರಲ್ಲಿ ಅರ್ಧ ಜನಕ್ಕೆ ಅದು ಮನಸ್ಸಿಗೆ ಇಳಿಯುವುದಿಲ್ಲ. ನಮ್ಮದು ಇಂಚು, ಸೆಂಟಿನ ಲೆಕ್ಕ. ನೂರು ಸೆಂಟಿಗೆ ಒಂದು ಇಂಚು. ಇವತ್ತಿನ ವಿಷಯವನ್ನೂ ಆ ತುದಿಯಿಂದಲೇ ಹಿಡಿಯೋಣ. ಒಂದು ಎಕರೆಗೆ ಒಂದು ಇಂಚು ನೀರು ಅಂದರೆ ಸುಮಾರು 1,02,800 ಲೀಟರ್. ಈ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ, ಮತ್ತೆ ಮತ್ತೆ ಬೇಕಾಗುತ್ತದೆ.

ಎಐ ಓಡಿಸುವ ಕಂಪ್ಯೂಟರುಗಳು ಕಾಯುತ್ತವೆ, ತಣಿಸಲು ನೀರು ಬೇಕು. ಹಾಗಾಗಿ ಎಐ ಎಷ್ಟು ನೀರು ಕುಡಿಯುತ್ತದೆ ಅನ್ನುವುದು ಈಗ ಎಲ್ಲರ ಬಾಯಲ್ಲೂ ಇರುವ ಪ್ರಶ್ನೆ. ಒಂದು ಪ್ರಶ್ನೆ ಕೇಳಿದರೆ ಒಂದು ಬಾಟಲಿ ನೀರು ಖಾಲಿ ಅನ್ನುವ ಮಾತು ವಾಟ್ಸ್ಆ್ಯಪ್‌ನಲ್ಲಿ ನಿಮಗೂ ಬಂದಿರಬಹುದು. 2025ರ ಆಗಸ್ಟಿನಲ್ಲಿ ಗೂಗಲ್ ತನ್ನ ಲೆಕ್ಕ ಹೊರಗೆ ಬಿಟ್ಟಿತು: ತನ್ನ ಎಐ ಆದ ಜೆಮಿನಿಗೆ ಕೇಳುವ ಸಾಧಾರಣ ಒಂದು ಪಠ್ಯ ಪ್ರಶ್ನೆಗೆ 0.24 ವ್ಯಾಟ್-ಗಂಟೆ ವಿದ್ಯುತ್, 0.26 ಮಿಲಿಲೀಟರ್ ನೀರು. ಐದು ಹನಿ. ಇದನ್ನೇ ಹಿಡಿದರೆ, ನೀವು ಒಂದು ಎಕರೆಗೆ ಒಂದು ಇಂಚು ಸ್ಪ್ರಿಂಕ್ಲರ್ ಹೊಡೆಯುವ ನೀರಿನಲ್ಲಿ 39 ಕೋಟಿ ಪ್ರಶ್ನೆ ಕೇಳಬಹುದು. ವಿದ್ಯುತ್ತೂ ಹಾಗೆಯೇ. ಕೆರೆಯಿಂದ ಇನ್ನೂರು ಅಡಿ ಎತ್ತರಕ್ಕೆ ಅಷ್ಟು ನೀರೆತ್ತಲು, ಪಂಪಿನ ದಕ್ಷತೆ ಅರ್ಧ ಎಂದಿಟ್ಟುಕೊಂಡರೂ, 34 ಯೂನಿಟ್ ಹತ್ತಿರ ಬೇಕು. ಅದು ಒಂದು ಲಕ್ಷ ನಲವತ್ತು ಸಾವಿರ ಪ್ರಶ್ನೆಗಳ ವಿದ್ಯುತ್ತು.

ಹಾಗಾದರೆ ಚಿಂತೆ ಬಿಟ್ಟೆವು ಅನ್ನಬೇಡಿ. ಆ ಐದು ಹನಿಯ ಲೆಕ್ಕದಲ್ಲಿ ಏನೇನು ಸೇರಿಲ್ಲ ನೋಡಿ. ಮಾದರಿಯನ್ನು ತರಬೇತು ಮಾಡಲು ತಿಂಗಳುಗಟ್ಟಲೆ ಓಡಿಸಿದ ಯಂತ್ರಗಳ ಖರ್ಚು ಸೇರಿಲ್ಲ. ವಿದ್ಯುತ್ ತಯಾರಾಗುವ ಸ್ಥಾವರದಲ್ಲಿ ಆವಿಯಾಗುವ ನೀರು ಸೇರಿಲ್ಲ. ಚಿತ್ರ, ವಿಡಿಯೊ ಮಾಡಿಸುವ ಕೆಲಸ ಸೇರಿಲ್ಲ. ಅದು ಪಠ್ಯಕ್ಕಿಂತ ಬಹಳ ಭಾರ. ಇನ್ನು ಒಟ್ಟು ಮೊತ್ತ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಪ್ರಕಾರ ಜಗತ್ತಿನ ಡೇಟಾ ಸೆಂಟರ್‌ಗಳು, ಅಂದರೆ ಇಂಥ ಕಂಪ್ಯೂಟರುಗಳನ್ನು ಸಾಲಾಗಿ ಇಟ್ಟ ಕೇಂದ್ರಗಳು, 2024ರಲ್ಲಿ ಬಳಸಿದ್ದು ಸುಮಾರು 41,500 ಕೋಟಿ ಯೂನಿಟ್, ಲೋಕದ ಒಟ್ಟು ವಿದ್ಯುತ್ ಬಳಕೆಯ ಶೇಕಡ ಒಂದೂವರೆ. 2030ಕ್ಕೆ ಅದು 94,500 ಕೋಟಿ ಆಗಬಹುದು ಎಂಬುದು ಅವರ ಅಂದಾಜು. ಅಷ್ಟೂ ಎಐ ಒಂದರದ್ದೇ ಅಲ್ಲ, ಆದರೆ ಏರಿಕೆಗೆ ದೊಡ್ಡ ಕಾರಣ ಅದೇ.

ಪ್ರಶ್ನೆಗೆ ಎಷ್ಟು ಹನಿ ಅನ್ನುವುದಕ್ಕಿಂತ, ಆ ಹನಿ ಯಾವ ಊರಿನದು, ಯಾವ ತಿಂಗಳಿನದು ಎಂದು ಕೇಳಬೇಕು. ಯಂತ್ರಕ್ಕೆ ಹೋದ ಒಂದು ಯೂನಿಟ್ ವಿದ್ಯುತ್ತು ಅಷ್ಟೇ ಶಾಖವಾಗಿ ಹೊರಬರುತ್ತದೆ. ಆ ಶಾಖವನ್ನು ನೀರು ಆವಿ ಮಾಡಿಯೇ ತೆಗೆಯಬೇಕೆಂದರೆ ಯೂನಿಟ್ಟಿಗೆ ಒಂದೂವರೆ ಲೀಟರ್ ಬೇಕು. ಇದು ಯಾರೋ ಕಂಪನಿಯವರು ಹೇಳಿದ್ದಲ್ಲ, ಭೌತಶಾಸ್ತ್ರದ ಲೆಕ್ಕ. ಹತ್ತು ಮೆಗಾವ್ಯಾಟ್‌ನ ಒಂದು ಕೇಂದ್ರ ಪೂರ್ತಿ ಹೀಗೇ ತಣಿಸಿಕೊಂಡರೆ ದಿನಕ್ಕೆ 3.6 ಲಕ್ಷ ಲೀಟರ್. ಅಂದರೆ ಮೂರೂವರೆ ಎಕರೆಗೆ ಒಂದೊಂದು ಇಂಚು, ದಿನಾ, ಮಳೆಗಾಲ ಬೇಸಿಗೆ ಎನ್ನದೆ. ನೀರು ಬೇಡ, ಗಾಳಿಯಲ್ಲೇ ತಣಿಸುತ್ತೇವೆ ಎಂದರೆ ಕರೆಂಟು ಹೆಚ್ಚು ಎಳೆಯುತ್ತದೆ. ಎರಡರಲ್ಲಿ ಒಂದನ್ನು ಕೊಡಲೇಬೇಕು.

ಇದು ಕೊಡಗಿಗೆ ಯಾಕೆ ಸಂಬಂಧ? 2024ರ ಮಾರ್ಚಿನಲ್ಲಿ ಬೆಂಗಳೂರು ಟ್ಯಾಂಕರಿಗೆ ಸಾಲು ನಿಂತದ್ದು ನೆನಪಿದೆಯಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ಕಾವೇರಿ 5ನೇ ಹಂತ ಉದ್ಘಾಟನೆಯಾಯಿತು, ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚುವರಿ. ಆ ನೀರಿನ ಮೊದಲ ಪಾತ್ರೆ ನಮ್ಮ ಗುಡ್ಡಗಳು. ನಗರದ ಯಾವುದೇ ದೊಡ್ಡ ಬಾಯಾರಿಕೆ ಕೊನೆಗೆ ಈ ಮೇಲ್ಗಡೆಯ ತೋಟಗಳ ಕಡೆಗೇ ತಿರುಗಿ ನೋಡುತ್ತದೆ.

ಸರಿ, ಉಪಕಾರದ ಕಡೆಗೆ ಬರೋಣ. ನಮ್ಮ ವರ್ಷದ ದೊಡ್ಡ ತೀರ್ಮಾನ ಯಾವುದು? ಫೆಬ್ರವರಿ ಕೊನೆಗೆ ರೋಬಸ್ಟಾ ಕಾಫಿಯ ಮೊಗ್ಗು ಬಲಿತು ನಿಂತಿದೆ. ಹೂ ಮಳೆಗೆ ಕಾಯುವುದೋ, ಸ್ಪ್ರಿಂಕ್ಲರ್ ಹಾಕಿಬಿಡುವುದೋ? ಒಂದರಿಂದ ಒಂದೂವರೆ ಇಂಚು ಒಂದೇ ಸಲ ಸಿಕ್ಕರೆ ಹೂ ಚೆನ್ನಾಗಿ ಅರಳುತ್ತದೆ. ಹದಿನೈದು ಇಪ್ಪತ್ತು ದಿನಕ್ಕೆ ಬ್ಯಾಕಿಂಗ್, ಅಂದರೆ ಎರಡನೇ ಸಲದ ನೀರು ಬೇಕು. ಮೂವತ್ತು ಸೆಂಟು ಬಿದ್ದು ನಿಂತರೆ ಕಷ್ಟ. ಮೊಗ್ಗು ಅರ್ಧ ಎದ್ದು, ಅರಳಲಾರದೆ ಒಣಗುತ್ತದೆ. ಅಂಥ ಮಳೆಗಿಂತ ಮಳೆ ಬಾರದಿರುವುದೇ ವಾಸಿ.

ಹವಾಮಾನ ಮುನ್ಸೂಚನೆಯಲ್ಲಿ ಎಐ ಮಾಡಿದ ಕೆಲಸ ನಿಜಕ್ಕೂ ದೊಡ್ಡದು. 2023ರಲ್ಲಿ ಗೂಗಲ್ ಡೀಪ್‌ಮೈಂಡ್‌ನ ಎಐ ಮಾದರಿ ಗ್ರಾಫ್‌ಕಾಸ್ಟ್ ಹತ್ತು ದಿನದ ಜಾಗತಿಕ ಮುನ್ಸೂಚನೆಯನ್ನು ಒಂದು ಯಂತ್ರದಲ್ಲಿ ಒಂದು ನಿಮಿಷದೊಳಗೆ ಕೊಟ್ಟಿತು. ಅದೇ ಕೆಲಸಕ್ಕೆ ಸೂಪರ್ ಕಂಪ್ಯೂಟರ್‌ಗಳು ಗಂಟೆಗಟ್ಟಲೆ ಓಡಬೇಕಿತ್ತು. ಯುರೋಪಿನ ಮಧ್ಯಮಾವಧಿ ಹವಾಮಾನ ಕೇಂದ್ರ 2025ರ ಫೆಬ್ರವರಿಯಿಂದ ತನ್ನ ಎಐ ಮಾದರಿಯನ್ನು ದಿನನಿತ್ಯದ ಬಳಕೆಗೇ ತಂದಿದೆ. ಎಐ ಕರೆಂಟು ಉಳಿಸಿದ ಕೆಲವೇ ಜಾಗಗಳಲ್ಲಿ ಇದೂ ಒಂದು.

ಆದರೆ ಇಂಥ ಮಾದರಿಗಳು ಭೂಮಿಯನ್ನು ಚೌಕಗಳಾಗಿ ಕತ್ತರಿಸಿ ನೋಡುತ್ತವೆ. ಗ್ರಾಫ್‌ಕಾಸ್ಟ್‌ನ ಒಂದು ಚೌಕದ ಬದಿ ಸುಮಾರು 28 ಕಿಲೋಮೀಟರ್. 4,102 ಚದರ ಕಿಲೋಮೀಟರಿನ ನಮ್ಮ ಇಡೀ ಜಿಲ್ಲೆ ಐದಾರು ಚೌಕದಲ್ಲಿ ಮುಗಿಯಿತು. ಭಾಗಮಂಡಲಕ್ಕೂ ಕುಶಾಲನಗರಕ್ಕೂ ನೇರ ಅಂತರ ಐವತ್ತು ಕಿಲೋಮೀಟರ್ ಇಲ್ಲ, ಮಳೆಯಲ್ಲಿ ಮಾತ್ರ ಅಜಗಜಾಂತರ. ತಡಿಯಂಡಮೋಳ್‌ನ ಶಿಖರವೂ ಅದರ ಬುಡದ ಕಣಿವೆಯೂ ಒಂದೇ ಸರಾಸರಿಯಲ್ಲಿ ಕರಗಿಹೋಗುತ್ತವೆ. ಮಾರ್ಚಿನ ಗುಡುಗು ಮಳೆಯಂತೂ ರಸ್ತೆಯ ಈಚೆ ಸುರಿದು ಆಚೆಯ ತೋಟವನ್ನು ಒಣಗಿಸಿ ಬಿಡುವಂಥದ್ದು.

ಇನ್ನೊಂದು, ಆ್ಯಪಿನಲ್ಲಿ “ಮಳೆ 70%” ಎಂದು ಬಂದರೆ ಏನರ್ಥ? ಹೆಚ್ಚಿನ ಆ್ಯಪ್‌ಗಳಲ್ಲಿ ಅದು ಅಳೆಯಲು ಸಿಗುವಷ್ಟು ಮಳೆ ಬರುವ ಸಾಧ್ಯತೆ ಮಾತ್ರ. ಹತ್ತು ಸೆಂಟು ಬಂದರೂ ಅವರ ಮಾತು ನಿಜವಾಯಿತು. ನಿಮಗೆ ಬೇಕಾದದ್ದು ಒಂದು ಇಂಚು ಬರುವ ಸಾಧ್ಯತೆ. ಅದನ್ನು ಬೇರೆಯಾಗಿ ಕೇಳಬೇಕು.

ಕೇಳಿದ ಮೇಲೆ ಈ ಸಣ್ಣ ಲೆಕ್ಕ ಮಾಡಿ. ಒಂದು ಎಕರೆಗೆ ನೀರು ಹೊಡೆಯುವ ಖರ್ಚು ಒಂದು ರೂಪಾಯಿ ಎಂದಿಟ್ಟುಕೊಳ್ಳಿ. ಹೂ ಕೆಟ್ಟರೆ ನಷ್ಟ ಹತ್ತು ರೂಪಾಯಿ. ಹಾಗಿದ್ದಾಗ ಒಂದು ಇಂಚು ಬರುವ ಸಾಧ್ಯತೆ ನೂರಕ್ಕೆ ತೊಂಬತ್ತು ದಾಟಿದರೆ ಮಾತ್ರ ಪಂಪ್ ನಿಲ್ಲಿಸಿ ಕಾಯುವುದು ಲಾಭ. ಖರ್ಚು ಮೂರು, ನಷ್ಟ ಹತ್ತು ಆದರೆ ಎಪ್ಪತ್ತು ಸಾಕು. ಡೀಸೆಲ್ ದರ, ನೀರೆತ್ತುವ ಎತ್ತರ, ಫಸಲಿನ ಬೆಲೆ ನಿಮ್ಮದೇ ಹಾಕಿಕೊಳ್ಳಿ. ಪಕ್ಕದ ತೋಟಕ್ಕೂ ನಿಮಗೂ ಈ ಸಂಖ್ಯೆ ಒಂದೇ ಇರುವುದಿಲ್ಲ. “ಇವತ್ತು ನೀರು ಬೇಡ” ಎಂದು ಎಲ್ಲರಿಗೂ ಒಂದೇ ಮಾತು ಹೇಳುವ ಆ್ಯಪ್, ಯಾರ ಖರ್ಚು ಎಷ್ಟು ಎಂದು ಕೇಳದೆ ಹೇಳುತ್ತಿದೆ ಅಂತ ಅರ್ಥ. ಅದು ತಪ್ಪಿದಾಗ ಗಂಟು ಹೋಗುವುದು ಅದರದಲ್ಲ.

ಈಗ ಇದರ ಇನ್ನೊಂದು ಮುಖ. ಇದನ್ನು ಮಾರುವವರು ಯಾರೂ ಹೇಳುವುದಿಲ್ಲ. ಮಣ್ಣಿನ ತೇವ ಅಳೆಯುವ ಸೆನ್ಸರ್, ಮೊಗ್ಗಿನ ಫೋಟೊ, ಮುನ್ಸೂಚನೆ ಎಲ್ಲ ಸೇರಿಸಿ ಒಂದು ಎಐ ನಿಮ್ಮ ತೋಟಕ್ಕೆ ತಕ್ಕ ದಿನ ಹೇಳಿತು ಎನ್ನಿ. ಚೆನ್ನಾಗಿಯೇ ಹೇಳಿತು. ಆದರೆ ಅದೇ ತೋಡಿನ (ಸಣ್ಣ ಹಳ್ಳದ) ಮೇಲೆ ಕೆಳಗೆ ಇರುವ ಹನ್ನೆರಡು ತೋಟಕ್ಕೂ ಅದೇ ಮಣ್ಣು, ಅದೇ ಮೊಗ್ಗು, ಅದೇ ಮುನ್ಸೂಚನೆ. ಎಲ್ಲರಿಗೂ ಅದೇ ದಿನ ಬರುತ್ತದೆ. ಮೊದಲು ಒಬ್ಬೊಬ್ಬರು ಒಂದೊಂದು ಅಂದಾಜಿನಲ್ಲಿ ಹಿಂದೆ ಮುಂದೆ ಮಾಡುತ್ತಿದ್ದರು. ಆ ಗೊಂದಲವೇ ತೋಡನ್ನು ಕಾಯುತ್ತಿತ್ತು!

ಲೆಕ್ಕ ಹಾಕಿ ನೋಡಿ. ಫೆಬ್ರವರಿಯಲ್ಲಿ ಸೆಕೆಂಡಿಗೆ ಇಪ್ಪತ್ತು ಲೀಟರ್ ಹರಿಯುವ ತೋಡು ನೋಡಲು ತುಂಬಿದ ಹಾಗೇ ಕಾಣುತ್ತದೆ. ಇಡೀ ದಿನಕ್ಕೆ ಅದು ಕೊಡುವುದು 17.28 ಲಕ್ಷ ಲೀಟರ್. ಒಂದೂವರೆ ಇಂಚಿನ ಲೆಕ್ಕದಲ್ಲಿ ಹನ್ನೊಂದು ಎಕರೆ, ಅಷ್ಟೇ. ಸೆಕೆಂಡಿಗೆ ಎಂಟು ಲೀಟರ್ ಎಳೆಯುವ ಮೂರು ಪಂಪ್ ಒಟ್ಟಿಗೆ ಕೂತರೆ ಮೂರನೆಯದು ಗಾಳಿ ಎಳೆಯುತ್ತದೆ. ಕೆಳಗಿನ ಗದ್ದೆಯವರ ಬಾವಿ, ಕೆಲಸಗಾರರ ಲೈನ್‌ಮನೆಗಳ ಕುಡಿಯುವ ನೀರು, ತೋಡಿನ ಮೀನು ಇವರಾರೂ ಆ್ಯಪಿಗೆ ಚಂದಾ ಕಟ್ಟಿದವರಲ್ಲ. ಒಂದೊಂದು ತೋಟಕ್ಕೆ ಸರಿಯಾದ ಉತ್ತರಗಳೆಲ್ಲ ಕೂಡಿ ತೋಡಿಗೆ ತಪ್ಪು ಉತ್ತರವಾಗುತ್ತದೆ.

ಪರಿಹಾರಕ್ಕೆ ಎಐ ಕೂಡ ಬೇಕಾಗಿಲ್ಲ. ತೋಡಿನ ಒಂದು ಮೋರಿಯ ಗೋಡೆಗೆ ಅಳತೆಪಟ್ಟಿ ಬರೆದು ಬೆಳಿಗ್ಗೆ ಸಂಜೆ ನೀರಿನ ಮಟ್ಟ ಬರೆದಿಡಿ. ಇಂತಿಷ್ಟು ಗೆರೆಗಿಂತ ಕೆಳಗೆ ಹೋದರೆ ಪಂಪ್ ಬಂದ್ ಎಂದು ಹನ್ನೆರಡು ತೋಟದವರು ಕೂತು ಒಪ್ಪಿಕೊಳ್ಳಿ. ಆಮೇಲೆ ಪಾಳಿ. ಪಾಳಿ ಹಾಕಲು ಬೇಕಾದರೆ ಎಐ ಕೇಳಿ. ಯಾರ ಮೊಗ್ಗು ಮೊದಲು ಬಲಿಯುತ್ತದೆ ಎಂಬ ಮಾಹಿತಿ ಕೊಟ್ಟರೆ ಅದು ಒಳ್ಳೆಯ ಪಾಳಿಯನ್ನೇ ಹಾಕಿಕೊಡುತ್ತದೆ. ಆದರೆ ಗೆರೆ ಎಲ್ಲಿ ಎಳೆಯಬೇಕು ಎಂಬುದು ಕೂತು ಜಗಳವಾಡಿಯೇ ತೀರ್ಮಾನವಾಗಬೇಕಾದ ಮಾತು.

ರೋಗ ಗುರುತಿಸುವ ಆ್ಯಪ್‌ಗಳ ಬಗ್ಗೆ ಎರಡು ಮಾತು. ಎಲೆ ಚಿತ್ರದಿಂದ ರೋಗ ಹೇಳುವ ಸಂಶೋಧನೆಗಳು ಬಹಳ ಕಾಲ ಆತುಕೊಂಡದ್ದು ಪ್ಲಾಂಟ್‌ವಿಲೇಜ್ ಎಂಬ ಚಿತ್ರಸಂಗ್ರಹದ ಮೇಲೆ: 54,306 ಚಿತ್ರ, 14 ಬೆಳೆ. 2016ರ ಅಧ್ಯಯನದಲ್ಲಿ ಅದೇ ಸಂಗ್ರಹದ ಚಿತ್ರಗಳ ಮೇಲೆ ನಿಖರತೆ ಶೇಕಡ 99 ದಾಟಿತು. ಬೇರೆ ಕಡೆ, ಬೇರೆ ಬೆಳಕಿನಲ್ಲಿ ತೆಗೆದ ಚಿತ್ರ ಕೊಟ್ಟಾಗ ಅದೇ ಮಾದರಿ ಸುಮಾರು 31ಕ್ಕೆ ಇಳಿಯಿತು. ಆ ಹದಿನಾಲ್ಕು ಬೆಳೆಯಲ್ಲಿ ಕಾಫಿ ಇಲ್ಲ. ಪೆಪ್ಪರ್ ಇದೆ, ಹಿಗ್ಗಬೇಡಿ: ಅದು ದಪ್ಪ ಮೆಣಸಿನಕಾಯಿ, ನಮ್ಮ ಬಳ್ಳಿಯ ಕರಿಮೆಣಸಲ್ಲ.

ಅರೇಬಿಕಾ ಕಾಫಿಯ ಬಿಳಿ ಕಾಂಡಕೊರಕದ, ಅಂದರೆ ಕಾಂಡದೊಳಗೆ ಕೊರೆಯುವ ದುಂಬಿಯ ಹುಳುವಿನ, ಉದಾಹರಣೆ ತೆಗೆದುಕೊಳ್ಳಿ. ಸಾವಿರ ಗಿಡದಲ್ಲಿ ಐವತ್ತಕ್ಕೆ ಕೊರಕ ಇದೆ ಎನ್ನಿ. ಆ್ಯಪ್ ನೂರಕ್ಕೆ ತೊಂಬತ್ತು ಸರಿ, ರೋಗ ಇದ್ದದ್ದನ್ನು ಹಿಡಿಯುವುದರಲ್ಲೂ ಇಲ್ಲದ್ದನ್ನು ಬಿಡುವುದರಲ್ಲೂ. ಐವತ್ತರಲ್ಲಿ 45 ಹಿಡಿಯಿತು. ಒಳ್ಳೆಯ 950 ಗಿಡದಲ್ಲಿ 95ಕ್ಕೆ ತಪ್ಪಾಗಿ ಮುದ್ರೆ ಒತ್ತಿತು. ಒಟ್ಟು 140 ಗಿಡಕ್ಕೆ ಗುರುತು ಬಿತ್ತು, ಅದರಲ್ಲಿ ಮೂರನೇ ಎರಡು ಭಾಗ ಆರೋಗ್ಯವಂತ ಗಿಡ. ಗುರುತು ಬಿದ್ದದ್ದನ್ನೆಲ್ಲ ಕಿತ್ತು ಸುಟ್ಟರೆ 95 ಗಿಡ ಸುಮ್ಮನೆ ಹೋಯಿತು. “ತೊಂಬತ್ತು ಸರಿ” ಅನ್ನುವ ಮಾತಿನೊಳಗೆ ಇಷ್ಟು ನಷ್ಟ ಕೂತಿರುತ್ತದೆ. ಇನ್ನು ತಪ್ಪಿಸಿಕೊಂಡ ಐದು ಗಿಡ: ಏಪ್ರಿಲ್-ಮೇನಲ್ಲೋ ಅಕ್ಟೋಬರ್‌ನಿಂದ ಡಿಸೆಂಬರಿನಲ್ಲೋ ದುಂಬಿ ಹಾರುವ ಕಾಲಕ್ಕೆ ಅವೇ ಸಾಕು.

ಹಳದಿ ಎಲೆಯ ಫೋಟೊದಲ್ಲಿ ಕೊರಕ ಕಾಣುವುದೂ ಇಲ್ಲ. ಹಳದಿಗೆ ಬೇರು ರೋಗ, ನೀರು ನಿಂತದ್ದು, ಸಾರಜನಕದ ಕೊರತೆ ಯಾವುದೂ ಕಾರಣವಿರಬಹುದು. ಕೊರಕದ ಗುರುತು ಕಾಂಡದ ಸಿಪ್ಪೆ ಮೇಲೆ ಉಬ್ಬಿದ ಏಣು. ಕೈಯಾಡಿಸಿದರೆ ಬೆರಳಿಗೇ ಸಿಗುತ್ತದೆ. ಹಾಗಾಗಿ ಆ್ಯಪ್ ಆರಿಸಿದ 140ನ್ನು ಅನುಭವದ ಕೆಲಸಗಾರರು ಕಾಂಡ ಮುಟ್ಟಿ ನೋಡಲಿ. ಆ್ಯಪ್ ಬಿಟ್ಟದ್ದರಲ್ಲೂ ಸಾಲಿಗೆ ಹತ್ತು ಗಿಡ ನೋಡಲಿ. ಮಾರ್ಚ್ ಮತ್ತು ಸೆಪ್ಟೆಂಬರಿನ ಗಿಡ ತಪಾಸಣೆಗೆ ಇದು ಸಹಾಯ, ಬದಲಿ ಅಲ್ಲ. ಆ್ಯಪ್ ಬಂತೆಂದು ಆ ಬೆರಳುಗಳಿಗೆ ಕೂಲಿ ಕಡಿತ ಮಾಡಿದರೆ ಮೂರು ವರ್ಷದಲ್ಲಿ ಆ ವಿದ್ಯೆಯೇ ತೋಟದಿಂದ ಹೋಗುತ್ತದೆ.

ನನಗೆ ಹೆಚ್ಚು ಚಿಂತೆಯ ಸಂಗತಿ ಮೇಲಿನಿಂದ ನೋಡುವ ಉಪಗ್ರಹದ ಕಣ್ಣು. ಯುರೋಪಿನ ಅರಣ್ಯನಾಶ ತಡೆ ಕಾನೂನು 2023ರಲ್ಲಿ ಬಂತು. ಜಾರಿ ಮುಂದಕ್ಕೆ ಹೋಗಿದೆ, ಕಾನೂನು ಹೋಗಿಲ್ಲ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಅಲ್ಲಿಗೆ ಹೋಗುವಂತಿಲ್ಲ. ನಾಲ್ಕು ಹೆಕ್ಟೇರಿಗಿಂತ, ಅಂದರೆ ಸುಮಾರು ಹತ್ತು ಎಕರೆಗಿಂತ ದೊಡ್ಡ ತುಂಡಿಗೆ ಸುತ್ತಲ ಗಡಿಯ ನಕ್ಷೆ ಬೇಕು. ಚಿಕ್ಕದಕ್ಕೆ ಒಂದು ಬಿಂದು ಸಾಕು. ಉದ್ದೇಶ ಒಳ್ಳೆಯದು. ಪರಿಶೀಲನೆ ನಡೆಯುವುದು ಉಪಗ್ರಹ ಚಿತ್ರ ಮತ್ತು ಎಐ ನಕ್ಷೆಗಳ ಸಹಾಯದಿಂದ.

ಸೆಂಟಿನೆಲ್-2 ಉಪಗ್ರಹದ ಒಂದು ಚುಕ್ಕೆ ಹತ್ತು ಮೀಟರ್ ಚೌಕ. ಎಕರೆಗೆ ನಲವತ್ತು ಚುಕ್ಕೆ. ಬ್ರೆಜಿಲ್‌ನ ಬಯಲು ಕಾಫಿ ಸಾಲು ಸಾಲಾಗಿ ಕಾಣುತ್ತದೆ. ನಮ್ಮದರಲ್ಲಿ ಮೇಲೆ ಅತ್ತಿ, ನೇರಳೆ, ಹಲಸು, ಬೀಟೆ, ಕಾಫಿ ಕೆಳಗೆ. ಮೇಲಿನಿಂದ ನೋಡಿದರೆ ಕಾಡೇ. ಕಾನೂನಿನ ಪ್ರಕಾರ ಕೃಷಿಗೆ ಬಳಸುವ ಜಾಗ ಕಾಡಲ್ಲ, ಮರ ಎಷ್ಟಿದ್ದರೂ. ಆದರೆ ಚಿತ್ರಕ್ಕೆ ಮರ ಕಾಣುತ್ತದೆ, ಬಳಕೆ ಕಾಣುವುದಿಲ್ಲ. 2020ರ ನಕ್ಷೆಯಲ್ಲಿ ನಿಮ್ಮ ತೋಟ “ಕಾಡು” ಎಂದು ಕೂತರೆ, 2023ರ ಮೇ ತಿಂಗಳಲ್ಲಿ ನೀವು ಮಾಡಿಸಿದ ಮರ ಕಪಾತು (ಕೊಂಬೆ ಸವರುವುದು) “ಕಾಡು ತೆಳುವಾಗಿದೆ” ಎಂದು ಬರಬಹುದು. ಹಳೆ ಅರೇಬಿಕಾ ಕಿತ್ತು ಮರುನಾಟಿ ಮಾಡಿದರಂತೂ ಕೆಂಪು ಗುರುತು. ನೆರಳು ಉಳಿಸಿಕೊಂಡವನಿಗೇ ಶಿಕ್ಷೆ. ಎಂದೋ ಮರ ಬೋಳಿಸಿಕೊಂಡವನು ಪಾರು.

ಮಾಡಬೇಕಾದದ್ದು: ತೋಟ 2020ಕ್ಕೆ ಮೊದಲೇ ಕಾಫಿ ಆಗಿತ್ತು ಎಂಬುದಕ್ಕೆ ಆರ್‌ಟಿಸಿ (ಪಹಣಿ), ಕಾಫಿ ಮಂಡಳಿಯ ನೋಂದಣಿ, ಹಳೆಯ ಮಾರಾಟದ ಬಿಲ್ಲು ಒಂದೇ ಕಡೆ ಇಡಿ. ಕಪಾತಿಗೆ ಮೊದಲು ಮತ್ತು ನಂತರ, ಮರದ ಕೆಳಗೆ ನಿಂತು ಕಾಫಿ ಗಿಡ ಕಾಣುವ ಹಾಗೆ ದಿನಾಂಕವಿರುವ ಫೋಟೊ ತೆಗೆದಿಡಿ. ಜಮ್ಮಾ ಬಾಣೆಯವರು (ಮನೆತನದ ವಂಶಪಾರಂಪರ್ಯ ಜಮೀನಿನವರು) ಹೆಚ್ಚು ಎಚ್ಚರ: ದಾಖಲೆಯಲ್ಲಿ ಮನೆತನದ ಹಿರಿಯರಾದ ಪಟ್ಟೇದಾರರ ಹೆಸರು, ತೋಟ ಮಾಡುವವರು ಒಕ್ಕದ, ಅಂದರೆ ಅದೇ ಮನೆತನದ ಇನ್ನೊಬ್ಬರು. ಮನುಷ್ಯ ಅಧಿಕಾರಿಗೆ ಅದು ಅರ್ಥವಾಗುತ್ತದೆ. ಹೆಸರು ಹೊಂದಿಸಿ ನೋಡುವ ತಂತ್ರಾಂಶಕ್ಕೆ ಅದು “ಹೊಂದಿಕೆ ಇಲ್ಲ”. ಒಕ್ಕದವರ ಒಪ್ಪಿಗೆ ಪತ್ರ ಮೊದಲೇ ಮಾಡಿಸಿಡಿ.

ಗಡಿ ಗುರುತು ಮಾಡುವಾಗ ಅಕ್ಷಾಂಶ, ರೇಖಾಂಶಗಳನ್ನು ಆರು ದಶಾಂಶದವರೆಗೆ ಬರೆಯಬೇಕು. ಆರನೇ ದಶಾಂಶ ಅಂದರೆ ಹನ್ನೊಂದು ಸೆಂಟಿಮೀಟರ್. ನಿಮ್ಮ ಫೋನು ದಟ್ಟ ಮರದಡಿ ಹತ್ತು ಮೀಟರ್ ತಪ್ಪಬಹುದು, ಎಲೆ ಒದ್ದೆಯಿದ್ದರೆ ಇನ್ನೂ ಹೆಚ್ಚು. ಹಾಗೆ ಸರಿದ ಗೆರೆ ಪಕ್ಕದ ಮೀಸಲು ಅರಣ್ಯದೊಳಗೋ ದೇವರಕಾಡಿನೊಳಗೋ ಹೋಗಿ ಕೂರುತ್ತದೆ. ಸಾವಿರದ ಇನ್ನೂರಕ್ಕೂ ಹೆಚ್ಚು ದೇವರಕಾಡು ಇರುವ ಜಿಲ್ಲೆ ನಮ್ಮದು. ನಡೆದುಕೊಂಡು ಹೋಗುತ್ತಾ ಗೆರೆ ಎಳೆಯಬೇಡಿ. ಒಣ ದಿನ ಆರಿಸಿ, ಪ್ರತಿ ಮೂಲೆಯಲ್ಲಿ ಆಕಾಶ ಕಾಣುವ ಕಡೆ ಒಂದೆರಡು ನಿಮಿಷ ನಿಂತು ಬಿಂದು ಹಾಕಿ, ಸರ್ವೆ ಕಲ್ಲಿನ ಜೊತೆ ತಾಳೆ ನೋಡಿ.

ಆನೆ ವಿಷಯ ಕೇಳುತ್ತೀರಿ ಎಂದು ಗೊತ್ತು. ಕೊಯಮತ್ತೂರಿನ ಮದುಕ್ಕರೈನಲ್ಲಿ 2024ರ ಫೆಬ್ರವರಿಯಿಂದ ಹನ್ನೆರಡು ಗೋಪುರಗಳ ಮೇಲಿನ ಕ್ಯಾಮೆರಾಗಳು ಎಐ ಮೂಲಕ ಆನೆ ಗುರುತಿಸಿ ರೈಲಿನವರಿಗೆ ತಿಳಿಸುತ್ತವೆ. ಒಳ್ಳೆಯ ಕೆಲಸ. ನಮ್ಮ ಜಿಲ್ಲೆಗೆ ರೈಲೇ ಇಲ್ಲ, ಅದು ಬೇರೆ ಮಾತು. ಅಲ್ಲಿ ಆನೆ ಒಂದು ಹಳಿ ದಾಟುತ್ತದೆ, ಇಲ್ಲಿ ಆನೆ ತೋಟದೊಳಗೇ ಸಂಸಾರ ಹೂಡಿದೆ. ಕಾಡಂಚಿನಲ್ಲಿ ಕ್ಯಾಮೆರಾ ಇಟ್ಟು “ಬಂತು” ಅನ್ನಲು ಅದು ಹೋಗಿಯೇ ಇಲ್ಲವಲ್ಲ.

ಕ್ಯಾಮೆರಾ ಕೊಳ್ಳುವವರು ಬ್ಯಾಟರಿ ಲೆಕ್ಕ ಕೇಳಿ. ಸದಾ ಎಚ್ಚರವಿರುವ ಐದು ವ್ಯಾಟ್‌ನ ಪೆಟ್ಟಿಗೆಗೆ ದಿನಕ್ಕೆ 120 ವ್ಯಾಟ್-ಗಂಟೆ. 12 ವೋಲ್ಟ್, 40 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯಲ್ಲಿ ಬಳಸಬಹುದಾದದ್ದು ಅರ್ಧ, 240. ಎರಡು ದಿನ. ಜುಲೈಯಲ್ಲಿ ಸೂರ್ಯನ ಮುಖ ಕಾಣದೆ ವಾರ ಹೋಗುತ್ತದೆ. ಚಲನೆ ಕಂಡಾಗ ಮಾತ್ರ ಎಚ್ಚರವಾಗಿ ದಿನಕ್ಕೆ ಎರಡು ಗಂಟೆ ಓಡುವ ಪೆಟ್ಟಿಗೆಯಾದರೆ ಅದೇ ಬ್ಯಾಟರಿ ಮೂರು ವಾರ ದಾಟಬಹುದು. ಕರೆಂಟು ಹೋಗಿ ಟವರ್ ಸತ್ತರೆ ಎಸ್‌ಎಂಎಸ್ ಹೋಗುವುದಿಲ್ಲ. ಕಡಿಮೆ ಕರೆಂಟಿನಲ್ಲಿ ದೂರಕ್ಕೆ ಸಂದೇಶ ಕಳಿಸುವ, 865ರಿಂದ 867 ಮೆಗಾಹರ್ಟ್ಸ್‌ನ ಲೋರಾ ರೇಡಿಯೊಗೆ ಪರವಾನಗಿ ಬೇಡ, ಆದರೆ ಒದ್ದೆ ಮರಗಳ ನಡುವೆ ಅದರ ದೂರವೂ ಕುಗ್ಗುತ್ತದೆ.

ಅದಕ್ಕಿಂತ ದೊಡ್ಡದು ಮಾತು ತಲುಪುವುದು. ಬೆಳಿಗ್ಗೆ ಕೆಲಸಕ್ಕೆ ನಡೆದು ಬರುವವರಲ್ಲಿ ಎರವರು, ಜೇನು ಕುರುಬರು, ಅಸ್ಸಾಮಿನವರು ಇದ್ದಾರೆ. ಎಚ್ಚರಿಕೆ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ರೈಟರ್ ಫೋನಿಗೆ ಬರುತ್ತದೆ. ಎಐ ಅನುವಾದದ ಭಾಷಿಣಿ ಎಂಬ ಸರ್ಕಾರಿ ಯೋಜನೆ ಗುರಿಯಿಟ್ಟಿರುವುದು ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗೆ. ಎರವ ಭಾಷೆಯಾಗಲಿ, 2011ರ ಜನಗಣತಿಯಲ್ಲಿ 1,13,857 ಜನರ ಮಾತೃಭಾಷೆಯಾದ ಕೊಡವ ತಕ್ಕ್ ಆಗಲಿ ಆ ಪರಿಚ್ಛೇದದಲ್ಲಿ ಇಲ್ಲ. ತಮಿಳುನಾಡಿನ ವಾಲ್ಪಾರೈನಲ್ಲಿ ಇದಕ್ಕೆ ಮಾಡಿದ ಉಪಾಯ ಸರಳ: ಎತ್ತರದ ಜಾಗದಲ್ಲಿ ಕೆಂಪು ದೀಪ. ಆನೆ ಹತ್ತಿರವಿದ್ದರೆ ಯಾರಾದರೂ ಮೊಬೈಲಿನಿಂದ ಕರೆ ಮಾಡಿ ಅದನ್ನು ಹೊತ್ತಿಸುತ್ತಾರೆ. ಕೆಂಪು ದೀಪಕ್ಕೆ ಅನುವಾದ ಬೇಡ.

ಕೊನೆಗೆ ಒಂದು ಕೆಲಸ ಹೇಳುತ್ತೇನೆ, ಇದನ್ನು ಇವತ್ತೇ ಶುರು ಮಾಡಬಹುದು. ಈ ಜಿಲ್ಲೆಯ ಎಷ್ಟೋ ತೋಟದ ಮನೆಗಳಲ್ಲಿ ಅಜ್ಜನ ಕಾಲದಿಂದ ಬರೆದ ಮಳೆ ಪುಸ್ತಕವಿದೆ. 28 ಕಿಲೋಮೀಟರಿನ ಚೌಕವನ್ನು ನಿಮ್ಮ ಗುಡ್ಡಕ್ಕೆ ಇಳಿಸಲು ಎಐಗೆ ಬೇಕಾದದ್ದು ಇಂಥ ಪುಸ್ತಕಗಳೇ. ಪುಟ ಪುಟ ಫೋಟೊ ತೆಗೆದು ಇಡಿ, ಮೂಲ ಪ್ರತಿ ಮನೆಯಲ್ಲೇ ಇರಲಿ. ಯಾರಿಗೆ ಕೊಟ್ಟರೂ ಪ್ರತಿ ಮಾತ್ರ ಕೊಡಿ, ಅದರಿಂದ ಬಂದ ಮುನ್ಸೂಚನೆ ನಿಮಗೂ ಸಿಗಬೇಕೆಂದು ಬರೆಸಿಕೊಂಡು ಕೊಡಿ. ಬೆರಳಚ್ಚು ಮಾಡುವಾಗ ಆಗುವ ತಪ್ಪು ಎರಡು. ಒಂದು, ಸೆಂಟನ್ನು ಮಿಲಿಮೀಟರ್ ಎಂದು ಓದುವುದು. ಒಂದು ಸೆಂಟು 0.254 ಮಿಲಿಮೀಟರ್, ಹಾಗೆ ಓದಿದರೆ ಮಳೆ ನಾಲ್ಕು ಪಟ್ಟು ಉಬ್ಬುತ್ತದೆ. ಎರಡನೆಯದು ದಿನಾಂಕ. ಹವಾಮಾನ ಇಲಾಖೆ ಬೆಳಿಗ್ಗೆ 8.30ಕ್ಕೆ ಅಳೆದದ್ದನ್ನು ಅಳೆದ ದಿನದ ಲೆಕ್ಕಕ್ಕೇ ಬರೆಯುತ್ತದೆ. ಹಲವರ ಮನೆಯಲ್ಲಿ ರಾತ್ರಿ ಸುರಿದ ಮಳೆಯನ್ನು ಹಿಂದಿನ ದಿನಕ್ಕೆ ಬರೆಯುವ ರೂಢಿ. ಎರಡೂ ಸರಿಯೇ, ಆದರೆ ಬೆರೆತರೆ ಯಂತ್ರ ಒಂದು ದಿನ ಹಿಂದೆ ಮುಂದೆ ಕಲಿಯುತ್ತದೆ. ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ: ಅಳೆಯುವ ಗಂಟೆ ಯಾವುದು, ಬರೆಯುವುದು ಯಾವ ದಿನಕ್ಕೆ, ಮಾಪಕ ಎಲ್ಲಿದೆ, ಅದರ ಮೇಲೆ ಮರದ ಕೊಂಬೆ ಯಾವ ವರ್ಷದಿಂದ ಬಾಗಿದೆ.